ಕೈ ಬೀಸಿದರೆ ಆಟವಾದೀತು, ವ್ಯಾಯಾಮವಾದೀತೇ?

ವಿಡಿಯೋ ಗೇಮ್ ಎಂದರೆ ಒಂದೇ ಕಡೆ ಕುಳಿತು ಹೆಬ್ಬೆರಳಿನಿಂದ ಗುಂಡಿ ಒತ್ತುವುದು ಎಂದು ನಾವು ತಿಳಿದಿದ್ದೇವೆ. ಆದರೆ ಎದ್ದು ನಿಂತು ಕೈ ಬೀಸಿ ಆಡುವ ಗೇಮ್‌ಗಳೂ ಇವೆ. ಕೈಯಲ್ಲಿರುವ ಸಣ್ಣ ಸಾಧನವನ್ನು ಬ್ಯಾಟಿನಂತೆ ಬೀಸಿದರೆ ಪರದೆಯ ಮೇಲಿನ ಆಟಗಾರನೂ ಬ್ಯಾಟ್ ಬೀಸುತ್ತಾನೆ. ಬೆಂಗಳೂರಿನ ಕಾಮಿಕ್ ಕಾನ್‌ನಂತಹ ಮೇಳಗಳಲ್ಲಿ ಗೇಮ್ ಆಡಿ ನೋಡುವ ಮಳಿಗೆಗಳಿರುತ್ತವೆ. ಇಂತಹ ಕಡೆ ಐದು ನಿಮಿಷ ಆಡಿದ ಮಗು, "ಇದರಲ್ಲಿ ವ್ಯಾಯಾಮವೂ ಆಗುತ್ತದೆ, ನಮಗೂ ಒಂದು ತೆಗೆದುಕೊಡಿ" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಹೌದು ಅಥವಾ ಬೇಡ ಎನ್ನುವ ಮೊದಲು ಕೆಲವು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು.

ಈ ಆಟ ಬಂದ ಬಗೆ

2006ರ ಮೇ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 'ಇ3' ಎಂಬ ಗೇಮ್ ಮೇಳ ನಡೆಯಿತು. ಜಪಾನಿನ ನಿಂಟೆಂಡೊ ಕಂಪೆನಿ ಅಲ್ಲಿ 'ವೀ' ಎಂಬ ಹೊಸ ಯಂತ್ರವನ್ನು ಜನರ ಕೈಗೆ ಕೊಟ್ಟಿತು. ಅದನ್ನು ಆಡಿ ನೋಡಲು ಜನರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ 'ವೀ ಸ್ಪೋರ್ಟ್ಸ್' ಮಾರುಕಟ್ಟೆಗೆ ಬಂತು. ಟೆನ್ನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಎಂಬ ಐದು ಆಟಗಳು ಅದರಲ್ಲಿದ್ದವು. ಅದರ 8 ಕೋಟಿಗೂ ಹೆಚ್ಚು ಪ್ರತಿಗಳು ಜನರ ಮನೆ ಸೇರಿವೆ. ಇಂದಿನ ಕೈ ಬೀಸುವ ಆಟಗಳಲ್ಲಿ ಹೆಚ್ಚಿನವು ಅದೇ ದಾರಿಯಲ್ಲಿ ಬಂದವು. ಇವುಗಳ ಬಗ್ಗೆ ವೈದ್ಯರು ಮತ್ತು ಸಂಶೋಧಕರು ಕಂಡುಕೊಂಡದ್ದರಲ್ಲಿ ಕೆಲವು ಸಂಗತಿಗಳು ಈ ಆಟದಿಂದ ತಿಳಿದವು.

ಯಂತ್ರಕ್ಕೆ ತಿಳಿಯುವುದು ಎಷ್ಟು?

ವೀ ಯಂತ್ರದ ಕೈಸಾಧನದೊಳಗೆ ವೇಗದ ಏರಿಳಿತವನ್ನು ಅಳೆಯುವ ಪುಟ್ಟ ಚಿಪ್ ಇದೆ. ಕೈ ಎಷ್ಟು ಜೋರಾಗಿ, ಯಾವ ದಿಕ್ಕಿಗೆ ಜಗ್ಗಿತು ಎಂಬುದು ಅದಕ್ಕೆ ತಿಳಿಯುತ್ತದೆ. ಆದರೆ ನೀವು ಇಡೀ ತೋಳನ್ನು ಬೀಸಿದಿರೋ, ಮಣಿಕಟ್ಟನ್ನು ಮಾತ್ರ ಚಿಮ್ಮಿಸಿದಿರೋ, ನಿಂತಿದ್ದೀರೋ ಕುಳಿತಿದ್ದೀರೋ ಎಂಬುದು ಅದಕ್ಕೆ ಸರಿಯಾಗಿ ಗೊತ್ತಾಗದು. ಅದರ ಟೆನ್ನಿಸ್ ಆಟದಲ್ಲಿ ಚೆಂಡಿನ ಹಿಂದೆ ಓಡುವ ಕೆಲಸವನ್ನು ಪರದೆಯ ಗೊಂಬೆಯೇ ಮಾಡುತ್ತದೆ. ನಿಮಗೆ ಉಳಿಯುವುದು ಬೀಸುವ ಕೆಲಸ ಮಾತ್ರ.

ಮೇಳದಲ್ಲಿ ಮೊದಲ ಸಲ ಆಡುವವರು ಉತ್ಸಾಹದಿಂದ ಇಡೀ ಮೈ ತಿರುಗಿಸಿ ಆಡುತ್ತಾರೆ, ಬೆವರುತ್ತಾರೆ. ಮನೆಗೆ ತಂದು ನಾಲ್ಕು ದಿನ ಆಡಿದ ಮಗುವಿಗೆ ಮಣಿಕಟ್ಟಿನ ಚಿಮ್ಮುವಿಕೆಯೇ ಸಾಕೆಂದು ಗೊತ್ತಾಗಿಬಿಡುತ್ತದೆ. ಆಮೇಲೆ ಅದು ಕುಳಿತೇ ಗೆಲ್ಲುತ್ತದೆ. ಆದ್ದರಿಂದ ಮಳಿಗೆಯಲ್ಲಿ ಕಂಡ ಬೆವರನ್ನು ನೋಡಿ ಮನೆಯ ಲೆಕ್ಕ ಹಾಕಬೇಡಿ.

ಸಂಶೋಧನೆಗಳು ಹೇಳುವುದೇನು?

2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಲಿವರ್‌ಪೂಲ್‌ನ ಸಂಶೋಧಕರು 13ರಿಂದ 15 ವರ್ಷದ 11 ಮಕ್ಕಳಿಂದ ಕುಳಿತು ಆಡುವ ಗೇಮ್ ಮತ್ತು ವೀ ಸ್ಪೋರ್ಟ್ಸ್ ಎರಡನ್ನೂ ಆಡಿಸಿ, ಶರೀರ ವ್ಯಯಿಸಿದ ಶಕ್ತಿಯನ್ನು ಅಳೆದರು. ಕುಳಿತು ಆಡುವುದಕ್ಕಿಂತ ಇದರಲ್ಲಿ ಹೆಚ್ಚು ಶಕ್ತಿ ವ್ಯಯವಾಗುವುದು ನಿಜ. ಆದರೆ ಅದೇ ಕ್ರೀಡೆಯನ್ನು ನಿಜವಾಗಿ ಆಡಿದಾಗ ವ್ಯಯವಾಗುವಷ್ಟಿಲ್ಲ ಎಂದು ಅವರು ತೀರ್ಮಾನಿಸಿದರು. ಈ ಐದು ಆಟಗಳಲ್ಲಿ ಎರಡೂ ಕೈಗಳಿಗೆ ಕೆಲಸ ಕೊಡುವ ಬಾಕ್ಸಿಂಗ್ ಮೈಯನ್ನು ಹೆಚ್ಚು ದಣಿಸುತ್ತದೆ. ಗಾಲ್ಫ್ ಮತ್ತು ಬೌಲಿಂಗ್ ಕಡಿಮೆ.

ತಂದೆತಾಯಿಯರು ಗಮನಿಸಬೇಕಾದ ಇನ್ನೊಂದು ಅಧ್ಯಯನ 2012ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂತು. ಮಕ್ಕಳಿಗೆ ವೀ ಯಂತ್ರ ಕೊಟ್ಟು, ಕೆಲವರಿಗೆ ಮೈ ಆಡಿಸುವ ಗೇಮ್‌ಗಳನ್ನೂ ಉಳಿದವರಿಗೆ ಕುಳಿತು ಆಡುವ ಗೇಮ್‌ಗಳನ್ನೂ ನೀಡಲಾಯಿತು. ಆಡಲೇಬೇಕೆಂಬ ಒತ್ತಾಯ ಇರಲಿಲ್ಲ. ಚಟುವಟಿಕೆ ಅಳೆಯುವ ಸಾಧನವನ್ನು ಮಕ್ಕಳಿಗೆ ಕಟ್ಟಿ ನೋಡಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಯಂತ್ರವನ್ನು ತಂದುಕೊಟ್ಟ ಮಾತ್ರಕ್ಕೆ ಮಗು ಚುರುಕಾಗುವುದಿಲ್ಲ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮದಿಂದ ಬಿರುಸಿನ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಸಿರು ಏರುವಂತಹ ಓಟ, ಈಜು, ಸೈಕಲ್, ಚೆಂಡಾಟ ಈ ಲೆಕ್ಕಕ್ಕೆ ಬರುತ್ತವೆ. ಸೋಫಾದಲ್ಲಿ ಕುಳಿತು ಮಣಿಕಟ್ಟು ಚಿಮ್ಮಿಸುವುದು ಬಾರದು.

ಭುಜ ನೋವಿನ ಎಚ್ಚರಿಕೆ

2007ರಲ್ಲೇ ಸ್ಪೇನ್‌ನ ವೈದ್ಯರೊಬ್ಬರು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ಗೆ ಪತ್ರ ಬರೆದು, ಈ ಆಟದಿಂದ ಬಂದ ಭುಜದ ನೋವಿಗೆ 'ವೀಐಟಿಸ್' ಎಂದು ಹೆಸರಿಟ್ಟರು. 29 ವರ್ಷದ ಆರೋಗ್ಯವಂತರೊಬ್ಬರು ಹಲವು ಗಂಟೆ ಬಿಡದೆ ಈ ಟೆನ್ನಿಸ್ ಆಡಿದ್ದರು. ಬೆಳಿಗ್ಗೆ ಏಳುವಾಗ ಬಲ ಭುಜದಲ್ಲಿ ತೀವ್ರ ನೋವು. ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರಿನಲ್ಲಿ ಉರಿಯೂತವಾಗಿತ್ತು. ಆಟ ನಿಲ್ಲಿಸಿ, ಒಂದು ವಾರ ಔಷಧಿ ತೆಗೆದುಕೊಂಡು ಅವರು ಗುಣವಾದರು.

ಇದೇಕೆ ಹೀಗಾಗುತ್ತದೆ? ನಿಜವಾದ ಟೆನ್ನಿಸ್‌ನಲ್ಲಿ ಓಟವಿದೆ, ಚೆಂಡು ಹೆಕ್ಕುವ ಬಿಡುವಿದೆ, ದಣಿದಾಗ ಮೈಯೇ ಸಾಕೆನ್ನುತ್ತದೆ. ಗೇಮ್‌ನಲ್ಲಿ ಎದೆಬಡಿತ ಅಷ್ಟು ಏರದ ಕಾರಣ ಆಡುತ್ತಲೇ ಇರಬಹುದು. ಆದರೆ ಭುಜ ಮಾತ್ರ ಒಂದೇ ಚಲನೆಯನ್ನು ನೂರಾರು ಸಲ ಮಾಡಿರುತ್ತದೆ. ಜೊತೆಗೆ ಖಾಲಿ ಗಾಳಿಯಲ್ಲಿ ಬೀಸಿದ ಕೈಯನ್ನು ತಡೆದು ನಿಲ್ಲಿಸುವ ಭಾರವೂ ಭುಜದ ಹಿಂಬದಿಯ ಸ್ನಾಯುಗಳ ಮೇಲೆಯೇ ಬೀಳುತ್ತದೆ. ಆದುದರಿಂದ ಆಟಕ್ಕೆ ಮೊದಲು ಭುಜವನ್ನು ಮೆಲ್ಲನೆ ತಿರುಗಿಸಿಕೊಳ್ಳಿ. 20-30 ನಿಮಿಷಕ್ಕೊಮ್ಮೆ ನಿಲ್ಲಿಸಿ. ನೋವು ಬಂದರೆ ಅಂದಿಗೆ ಆಟ ಸಾಕು. ಕೆಲವು ದಿನಗಳಲ್ಲಿ ಕಡಿಮೆಯಾಗದಿದ್ದರೆ, ಕೈ ಮೇಲೆತ್ತಲು ಕಷ್ಟವಾದರೆ ವೈದ್ಯರಿಗೆ ತೋರಿಸಿ.

ಮೇಳದಲ್ಲಿ ಶುಚಿತ್ವ

ಮಳಿಗೆಯ ಕೈಸಾಧನ ದಿನಕ್ಕೆ ನೂರಾರು ಬೆವರಿದ ಕೈಗಳನ್ನು ದಾಟಿ ಬರುತ್ತದೆ. ಒಳಾಂಗಣದ ಜನಜಂಗುಳಿಯೂ ಸೇರಿದರೆ ಸೋಂಕು ಸುಲಭವಾಗಿ ಹರಡುತ್ತದೆ. 2009ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನಡೆದ ಪೆನಿ ಆರ್ಕೇಡ್ ಎಕ್ಸ್‌ಪೋ ಎಂಬ ಗೇಮ್ ಮೇಳಕ್ಕೆ ಹೋದ ಹಲವರು ಎಚ್1ಎನ್1 ಜ್ವರ ಹಿಡಿಸಿಕೊಂಡು ಮನೆಗೆ ಮರಳಿದ್ದರು.

• ಆಡುವ ಮೊದಲು ಸಾಧನವನ್ನು ಒರೆಸಿ ಕೊಡುವಂತೆ ಮಳಿಗೆಯವರನ್ನು ಕೇಳಿ. ಇದರಲ್ಲಿ ಸಂಕೋಚ ಬೇಡ.
• ಆಡಿದ ಬಳಿಕ ಸಾಬೂನು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ನೀರಿಲ್ಲದಿದ್ದರೆ ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಸಾಕು. ಅಲ್ಲಿಯವರೆಗೆ ಕಣ್ಣು, ಮೂಗು, ಬಾಯಿ ಮುಟ್ಟಬೇಡಿ, ತಿಂಡಿಯೂ ಆಮೇಲೆ.
• ಮುಖಕ್ಕೆ ಕಟ್ಟುವ ವಿಆರ್ ಕನ್ನಡಕವಾದರೆ ಚರ್ಮಕ್ಕೆ ತಾಗುವ ಭಾಗವನ್ನು ಒರೆಸಿಸಿ, ಅಥವಾ ಬಳಸಿ ಬಿಸಾಡುವ ಹೊದಿಕೆ ಕೇಳಿ. ಕಣ್ಣು ಕೆಂಪಾಗಿರುವವರು ಹಾಕಿಕೊಳ್ಳಬಾರದು. ಸೋನಿ ಕಂಪೆನಿ ತನ್ನ ಇಂತಹ ಸಾಧನ 12 ವರ್ಷದೊಳಗಿನವರಿಗಲ್ಲ ಎಂದಿದೆ.
• ತಲೆವಸ್ತ್ರ ಧರಿಸುವ ಹೆಣ್ಣುಮಕ್ಕಳು ಪಟ್ಟಿ ಬಿಗಿಯುವ ಜಾಗದಲ್ಲಿ ಪಿನ್ ಇಲ್ಲದಂತೆ ನೋಡಿಕೊಳ್ಳಲಿ.
• ಜ್ವರ, ಕೆಮ್ಮು ಇರುವ ಮಗುವನ್ನು ಮೇಳಕ್ಕೆ ಕರೆದೊಯ್ಯಬೇಡಿ. ಅಪಸ್ಮಾರ ಇರುವವರು ಮಿನುಗುವ ಪರದೆಯ ಆಟಗಳನ್ನು ವೈದ್ಯರನ್ನು ಕೇಳಿಯೇ ಆಡಬೇಕು.

ಮನೆಗೆ ತಂದರೆ

ಕೈಸಾಧನದ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳುವುದು ಕಡ್ಡಾಯ. ಹಳೆಯ ಪಟ್ಟಿಗಳು ತುಂಡಾಗಿ ಸಾಧನ ಹಾರಿ ಟಿವಿ ಒಡೆದ ದೂರುಗಳು ಬಂದಾಗ, 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು. ಟೀಪಾಯಿ ಬದಿಗೆ ಸರಿಸಿ. ಕೆಳಮಟ್ಟದ ಫ್ಯಾನಿನ ಅಡಿಯಲ್ಲಿ ಕೈ ಬೀಸುವುದು ಬೇಡ. ನುಣುಪಾದ ಟೈಲ್ಸ್ ಮೇಲೆ ಕಾಲುಚೀಲ ಹಾಕಿ ಆಡಿದರೆ ಜಾರುತ್ತದೆ. ಪುಟ್ಟ ಮಕ್ಕಳು ಆಡುವವರ ಹಿಂದೆ ಬಂದು ನಿಲ್ಲುವುದನ್ನು ಗಮನಿಸುತ್ತಿರಿ.

ಹೊರಗೆ ಹೋಗಿ ಆಡಲು ಅನುಕೂಲವಿಲ್ಲದ ತಾಯಂದಿರು, ಮಳೆಗಾಲದಲ್ಲಿ ಮನೆಯೊಳಗೆ ಉಳಿಯುವ ಮಕ್ಕಳು, ಹೆಚ್ಚು ನಡೆಯಲಾಗದ ಹಿರಿಯರು ನಿಂತುಕೊಂಡು ಅರ್ಧ ಗಂಟೆ ಆಡಿದರೆ ಸುಮ್ಮನೆ ಕೂರುವುದಕ್ಕಿಂತ ಲೇಸು. ಟಿವಿ ಅಥವಾ ಮೊಬೈಲ್‌ನ ಮುಂದೆ ಕಳೆಯುವ ಸಮಯದಲ್ಲಿ ಸ್ವಲ್ಪ ಇದಕ್ಕೆ ಹೋದರೆ ಲಾಭವೇ. ಸಂಜೆಯ ಓಟ, ಸೈಕಲ್, ಚೆಂಡಾಟದ ಸಮಯ ಇದಕ್ಕೆ ಹೋದರೆ ನಷ್ಟ. ಮಗು ಕೇಳಿದಾಗ ಈ ಷರತ್ತನ್ನು ಮೊದಲೇ ಹೇಳಿ, ಆಮೇಲೆ ಕೊಳ್ಳಬೇಕೇ ಬೇಡವೇ ಎಂದು ಮನೆಯವರೆಲ್ಲ ಕುಳಿತು ತೀರ್ಮಾನಿಸಿ.