ಕುರಿಗಾಹಿಯ ಅಡಿಗೆ: ಐರಿಷ್ ಸ್ಟ್ಯೂ ಮತ್ತು ಷೆಫರ್ಡ್ಸ್ ಪೈ

ಬೆಂಗಳೂರಿನ ಪಶ್ಚಿಮಕ್ಕೆ, ರಾಜಾಜಿನಗರದ ಮಗ್ಗುಲಲ್ಲಿ ಕುರುಬರಹಳ್ಳಿ ಎಂಬ ಊರುಂಟು. ಊರೆಂದು ಹೇಳುವುದು ವಾಡಿಕೆಯ ಮಾತು. ಈಗ ಅದು ಮಹಾನಗರದ ಒಂದು ಕೇರಿ. ಹೆಸರನ್ನು ಬಿಟ್ಟರೆ ಕುರಿಯ ಮಂದೆಯಾಗಲಿ ಕಂಬಳಿಯ ಮಗ್ಗವಾಗಲಿ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೂ ಭಾನುವಾರ ಬೆಳಗ್ಗೆ ಅಲ್ಲಿನ ಮಾಂಸದಂಗಡಿಗಳ ಮುಂದೆ ನಿಂತಿರುವ ಜನರನ್ನು ನೋಡಿದರೆ, ಮಂದೆ ಹೋದರೂ ಕುರಿಯ ಮೇಲಿನ ಮಮತೆ ಹೋಗಿಲ್ಲವೆಂಬುದು ಸ್ಪಷ್ಟವಾಗುತ್ತದೆ. ನಾವು ಇಲ್ಲಿ ಹೇಳಹೊರಟಿರುವ ಎರಡು ಅಡಿಗೆಗಳಲ್ಲಿ ಒಂದರ ಹೆಸರನ್ನು ಕನ್ನಡಿಸಿದರೆ ‘ಕುರುಬನ ಪೈ’ ಎಂದೇ ಆಗುತ್ತದೆ. ಹೀಗಿರುವಲ್ಲಿ, ಕುರುಬರಹಳ್ಳಿಯ ನಿವಾಸಿಗಳಾದ ನಾವು ಅದನ್ನು ಪರದೇಶದ ಸರಕೆಂದು ದೂರವಿಡುವುದು ನ್ಯಾಯವಲ್ಲ.

ಈ ವಿಷಯವನ್ನು ಎತ್ತಿಕೊಂಡುದಕ್ಕೆ ನಮ್ಮ ಮನೆಯದೇ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರಿಗೆ ಹೊಟ್ಟೆಹುಣ್ಣಾಗಿ ವೈದ್ಯರು ಖಾರವನ್ನು ಬಿಡಿಸಿದರು. ಹಲ್ಲುಗಳು ಅದಕ್ಕೆ ಮೊದಲೇ ಹೋಗಿದ್ದುವು. ಯುಗಾದಿಯ ಮಾರನೆಯ ದಿನ, ಹೊಸತೊಡಕು. ಗುಡ್ಡೆ ಬಾಡು ಮನೆಗೆ ಬಂದಿತ್ತು. ಎಲ್ಲರ ತಟ್ಟೆಯಲ್ಲಿಯೂ ಮುದ್ದೆ, ಸಾರು, ಕೈಮಾ ಉಂಡೆ. ಅವರ ತಟ್ಟೆಯಲ್ಲಿ ಮಾತ್ರ ಮೊಸರನ್ನ. ಐವತ್ತು ವರ್ಷ ಆ ಹಬ್ಬದ ಸಾರನ್ನು ಕುದಿಸಿ ಊರವರಿಗೆ ಬಡಿಸಿದ ಕೈ ಅದು. ಅವರು ಏನೂ ಅನ್ನಲಿಲ್ಲ. ಎರಡು ತುತ್ತು ಉಂಡು, ‘ನನಗೆ ಸಾಕಪ್ಪ, ನೀವು ಊಟ ಮಾಡಿ’ ಎಂದು ಎದ್ದು ಹೋದರು. ಖಾರವಿಲ್ಲದೆ ರುಚಿಯಾಗಿರುವ, ಹಲ್ಲಿಲ್ಲದವರೂ ಉಣ್ಣಬಹುದಾದ ಮಾಂಸದಡಿಗೆ ಲೋಕದಲ್ಲಿ ಎಲ್ಲಿಯೂ ಇಲ್ಲವೇ ಎಂದು ಆ ದಿನ ನಮಗೆ ಮೊದಲ ಬಾರಿ ಯೋಚನೆ ಹುಟ್ಟಿತು. ದೂರ ಹುಡುಕಬೇಕಾಗಲಿಲ್ಲ, ಉತ್ತರವು ನಮ್ಮ ಊರಿನ ದಂಡಿನ ಕಡೆಯಲ್ಲಿಯೇ ಇತ್ತು.

ಬೆಂಗಳೂರಿನ ದಂಡು 1809ರಲ್ಲಿ ಸ್ಥಾಪಿತವಾಯಿತು. ಬ್ರಿಟಿಷ್ ಸೈನ್ಯದಲ್ಲಿ ಐರ್ಲೆಂಡಿನ ಬಡ ಮನೆಗಳ ಮಕ್ಕಳು ಬಹು ಸಂಖ್ಯೆಯಲ್ಲಿದ್ದರು. ಸೈನ್ಯದೊಡನೆ ಅವರೂ ಇಲ್ಲಿಗೆ ಬಂದರು. ಕೋಲಾರದಲ್ಲಿ ಚಿನ್ನ ತೆಗೆಯಲು ಮೈಸೂರು ಸರ್ಕಾರದಿಂದ ಅಪ್ಪಣೆ ಪಡೆದ ಮೈಕೇಲ್ ಲವೆಲ್ ಎಂಬಾತನು ಇಂಥ ಒಬ್ಬ ಐರಿಷ್ ಸಿಪಾಯಿಯೇ. ಬೆಂಗಳೂರಿನ ಲವೆಲ್ಲೆ ರಸ್ತೆಗೆ ಅವನ ಹೆಸರು ಉಳಿದಿದೆ. ಸಿಪಾಯಿಗಳು ಹೋದರು, ಅವರ ‘ಸ್ಟ್ಯೂ’ ಮಾತ್ರ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ, ಲವಂಗ ಚಕ್ಕೆಗಳನ್ನೂ ಕೆಲವೊಮ್ಮೆ ತೆಂಗಿನ ಹಾಲನ್ನೂ ಕೂಡಿಸಿಕೊಂಡು ನಿಂತಿತು. ಮಲೆಯಾಳದವರ ಬಾಯಲ್ಲಿ ಅದು ‘ಇಷ್ಟೂ’ ಆಗಿ ಅಪ್ಪದ ಜೊತೆಗಾರನಾಯಿತು.

ಮೂಲದ ಐರಿಷ್ ಸ್ಟ್ಯೂವಾದರೋ ಬಡತನದ ಅಡಿಗೆ. ಕುರಿಯ ಮಾಂಸ, ಉರುಳಗೆಡ್ಡೆ, ಈರುಳ್ಳಿ, ನೀರು, ಉಪ್ಪು: ಇಷ್ಟೇ. ಗಜ್ಜರಿ ಹಾಕಬಹುದೇ ಕೂಡದೇ ಎಂಬ ವಿಷಯದಲ್ಲಿ ಆ ದೇಶದ ಗೃಹಿಣಿಯರೊಳಗೆ ಇಂದಿಗೂ ಜಗಳವುಂಟು. ಕುರಿಯು ಉಣ್ಣೆಗೂ ಹಾಲಿಗೂ ಬೇಕಾದ ಪ್ರಾಣಿಯಾದುದರಿಂದ ಅಲ್ಲಿನ ರೈತನು ಎಳೆಯ ಮರಿಯನ್ನು ಕೊಯ್ಯುತ್ತಿರಲಿಲ್ಲ. ಮುದಿಯಾದ ಕುರಿಯೇ ಮಡಕೆಗೆ ಬರುತ್ತಿತ್ತು. ನಮ್ಮ ಕುರುಬರ ಲೆಕ್ಕವೂ ಇದೇ ಅಲ್ಲವೇ? ಗಟ್ಟಿ ಮಾಂಸವನ್ನು ಮೆತ್ತಗೆ ಮಾಡುವ ಉಪಾಯವೇ ಸ್ಟ್ಯೂ. ಈಚೆಗೆ ಪುಸ್ತಕಗಳಲ್ಲಿ ‘ಎಳೆಯ ಮರಿಯ ಮಾಂಸ’ ಎಂದು ಬರೆಯುವುದು ಅನುಕೂಲಸ್ಥರ ಪದ್ಧತಿ.

ಉರುಳಗೆಡ್ಡೆಯ ಕಥೆ ಮಾತ್ರ ಇಷ್ಟು ಸುಲಭವಾದುದಲ್ಲ. ಐರ್ಲೆಂಡಿನ ಬಡವರು ಅದೊಂದನ್ನೇ, ಅದರಲ್ಲಿಯೂ ಬಹುಮಟ್ಟಿಗೆ ಒಂದೇ ಜಾತಿಯ ಗೆಡ್ಡೆಯನ್ನೇ ನಂಬಿದ್ದರು. 1845ರಲ್ಲಿ ಗಿಡಗಳಿಗೆ ರೋಗ ಬಿದ್ದು, ಎಲೆ ಕಪ್ಪಾಗಿ, ನೆಲದೊಳಗಿನ ಗೆಡ್ಡೆ ಕೊಳೆತುಹೋಯಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಜ್ವರಗಳಿಂದಲೂ ಸತ್ತರು; ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕಿಳಿಯಿತು. ಹಾಸನದ ಉರುಳಗೆಡ್ಡೆಯ ರೈತನು ಮಳೆಗಾಲದ ಮೋಡವನ್ನು ನೋಡಿ ಹೆದರುವ ಅಂಗಮಾರಿಯೂ ಈ ರೋಗವೇ. ಒಂದು ತಟ್ಟೆ ಸ್ಟ್ಯೂವಿನ ಹಿಂದೆ ಇಷ್ಟು ದುಃಖವಿದೆಯೆಂದು ತಿಳಿದ ಮೇಲೆ ನಮಗೆ ಒಂದು ಗೆಡ್ಡೆಯನ್ನೂ ಸಿಪ್ಪೆಯೊಡನೆ ದಪ್ಪವಾಗಿ ಹೆರೆದು ಚೆಲ್ಲಲು ಕೈ ಬರುವುದಿಲ್ಲ.

ಇನ್ನು ಅಡಿಗೆಗೆ ಬರೋಣ. ಮೊದಲನೆಯದಾಗಿ ಮಾಂಸ. ಬೆಂಗಳೂರಿನ ಅಂಗಡಿಯಲ್ಲಿ ‘ಮಟನ್’ ಎಂದು ಕೇಳಿದರೆ ಮೇಕೆಯೂ ಬರಬಹುದು, ಕುರಿಯೂ ಬರಬಹುದು. ಈ ಅಡಿಗೆಗೆ ಕುರಿಯೇ ಬೇಕೆಂದು ಬಾಯಿಬಿಟ್ಟು ಕೇಳತಕ್ಕದ್ದು. ಮೇಕೆಯಲ್ಲಿ ಕೊಬ್ಬು ಕಡಮೆ. ಮಸಾಲೆಯಿಲ್ಲದ ಅಡಿಗೆಗೆ ಕೊಬ್ಬೇ ರುಚಿ. ಬನ್ನೂರು, ಮಳವಳ್ಳಿಗಳ ಕಡೆಯ ಬಂಡೂರು ಕುರಿ ದೊರೆತರೆ ಅದಕ್ಕಿಂತ ಮೇಲಾದುದಿಲ್ಲ. ಆದರೆ ಆ ಹೆಸರಿನಲ್ಲಿ ಮಾರುವುದೆಲ್ಲವೂ ಬಂಡೂರಲ್ಲವೆಂಬುದನ್ನು ಕೊಳ್ಳುವವರು ಬಲ್ಲರು. ತೊಡೆಯ ಮಾಂಸಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಕುತ್ತಿಗೆ ಮತ್ತು ಮುಂದೊಡೆ, ಮೂಳೆಯ ಸಹಿತ, ಇವೇ ಸರಿಯಾದ ಭಾಗಗಳು. ಹೆಚ್ಚು ದುಡಿದ ಈ ಭಾಗಗಳಲ್ಲಿ ನಾರಿನಂಥ ಅಂಟುಪದಾರ್ಥ ವಿಶೇಷವಾಗಿರುತ್ತದೆ. ಅದು ನಿಧಾನವಾದ ಕಾವಿನಲ್ಲಿ, ಬಹಳ ಹೊತ್ತಿನ ಮೇಲೆ ಕರಗಿ ರಸಕ್ಕೆ ಮೈ ಕೊಡುತ್ತದೆ. ಕಾವು ಜೋರಾದರೆ ಅಂಟು ಕರಗುವ ಮುನ್ನವೇ ಮಾಂಸದ ಎಳೆಗಳು ಬಿಗಿದುಕೊಂಡು ತಮ್ಮ ನೀರನ್ನು ಹಿಂಡಿ ಹಾಕುತ್ತವೆ. ಸ್ಟ್ಯೂವಿನ ಶಾಸ್ತ್ರವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಇದನ್ನು ನಾವು ಕಲಿತದ್ದು ಕೆಟ್ಟ ಮೇಲೆ. ಮೊದಲ ಸಲ, ಅವಸರದ ಜನರಂತೆ, ಮಾಂಸ, ಗೆಡ್ಡೆ, ಈರುಳ್ಳಿ ಎಲ್ಲವನ್ನೂ ಒಟ್ಟಿಗೆ ಪ್ರೆಷರ್ ಕುಕ್ಕರಿಗೆ ತುಂಬಿ ಎಂಟು ಕೂಗು ಕೂಗಿಸಿದೆವು. ಮುಚ್ಚಳ ತೆಗೆದಾಗ ಗೆಡ್ಡೆಯ ಗುರುತೇ ಇರಲಿಲ್ಲ. ಮಾಂಸವು ಹಗ್ಗದ ಎಳೆಯಂತೆ ಬಿಚ್ಚಿಕೊಂಡಿತ್ತು. ತಾಯಿಯವರು ಒಂದು ಚಮಚ ಬಾಯಿಗಿಟ್ಟು, ‘ಇದು ಬಾಡಿನ ಗಂಜಿ ಕಣಪ್ಪ’ ಎಂದರು. ಆ ಮಾತು ಸತ್ಯವಾಗಿತ್ತು.

ಆರು ಜನಕ್ಕೆ ಮೂಳೆಯ ಸಹಿತ ಮುಕ್ಕಾಲು ಕಿಲೋ ಮಾಂಸ, ಒಂದೂಕಾಲು ಕಿಲೋ ಉರುಳಗೆಡ್ಡೆ, ಅರ್ಧ ಕಿಲೋ ಈರುಳ್ಳಿ ಸಾಕು. ಮಾಂಸ ಕಡಮೆ, ಗೆಡ್ಡೆ ಹೆಚ್ಚು ಎಂಬುದನ್ನು ಗಮನಿಸಬೇಕು. ತಿಂಗಳ ಕೊನೆಯ ವಾರಕ್ಕೂ ಈ ಅಡಿಗೆ ಒದಗುವುದು ಇದರಿಂದಲೇ. ದಪ್ಪ ತಳದ ಪಾತ್ರೆಯಲ್ಲಿ ಮಾಂಸವನ್ನೂ ಮುಕ್ಕಾಲು ಲೀಟರು ತಣ್ಣೀರನ್ನೂ ಇಟ್ಟು, ಮೇಲೆ ಬಂದ ನೊರೆಯನ್ನು ಸೌಟಿನಿಂದ ತೆಗೆದು, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಡಬೇಕು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕೇ ಹೊರತು ಕೊತಕೊತನೆ ಕುದಿಯಕೂಡದು. ಒಂದು ಗಂಟೆಯ ತರುವಾಯ, ತೆಳ್ಳಗೆ ಬಿಲ್ಲೆ ಹೆಚ್ಚಿದ ಅರ್ಧ ಕಿಲೋ ಗೆಡ್ಡೆಯನ್ನೂ ಈರುಳ್ಳಿಯನ್ನೂ ಸೇರಿಸಬೇಕು. ಇವು ಕರಗಿ ರಸವನ್ನು ಮಂದಗೊಳಿಸುತ್ತವೆ. ಹಿಟ್ಟು ಬೇಡವೇ ಬೇಡ. ಇಪ್ಪತ್ತು ನಿಮಿಷವಾದ ಮೇಲೆ, ಎರಡು ಹೋಳು ಮಾಡಿದ ಉಳಿದ ಗೆಡ್ಡೆಗಳನ್ನು ಮೇಲೆ ಹರಡಿ ಮತ್ತೆ ಅರ್ಧ ಗಂಟೆ ಮುಚ್ಚಿಡಬೇಕು. ಈ ಹೋಳುಗಳು ಮುಳುಗಬೇಕಾಗಿಲ್ಲ, ಹಬೆಯಲ್ಲಿಯೇ ಬೇಯುತ್ತವೆ. ಅವಸರವಿದ್ದವರು ಮಾಂಸವನ್ನು ಮಾತ್ರ ಕುಕ್ಕರಿನಲ್ಲಿ ಬೇಯಿಸಿಕೊಂಡು ಉಳಿದುದನ್ನು ತೆರೆದ ಪಾತ್ರೆಯಲ್ಲಿ ಮುಗಿಸಬಹುದು. ನಾವು ಅದನ್ನು ತಪ್ಪೆನ್ನುವುದಿಲ್ಲ.

ಥೈಮ್ ಎಂಬ ಎಲೆಯನ್ನು ಅವರು ಹಾಕುತ್ತಾರೆ. ಅದು ಸಿಕ್ಕದಿದ್ದರೆ ಹಿತ್ತಲಿನ ದೊಡ್ಡಪತ್ರೆಯ ಒಂದೆರಡು ಎಲೆ ಸಾಕು. ಎರಡರ ಪರಿಮಳವೂ ಹತ್ತಿರದ ನೆಂಟರು. ಆದರೆ ಒಂದೆರಡೇ, ಹೆಚ್ಚಾದರೆ ಕೆಮ್ಮಿನ ಕಷಾಯದ ನೆನಪಾಗುತ್ತದೆ. ಮೆಣಸಿನ ಪುಡಿಯನ್ನು ಬಡಿಸುವಾಗ ಬೇಕಾದವರಿಗೆ ಮಾತ್ರ ಉದುರಿಸುವುದು ಲೇಸು. ಕುರಿಯ ಕೊಬ್ಬು ಬೇಗ ಹೆಪ್ಪುಗಟ್ಟಿ ಬಾಯಿಗೆ ಮೇಣದಂತೆ ಅಂಟುವುದರಿಂದ ತಟ್ಟೆಯನ್ನೂ ಬಿಸಿಮಾಡಿ ಬಡಿಸತಕ್ಕದ್ದು.

ಗೆಡ್ಡೆಯ ಆಯ್ಕೆಯಲ್ಲಿಯೂ ವಿವೇಕ ಬೇಕು. ಹೋಳು ಉಳಿಯಬೇಕಾದ ಕಡೆ ನೀರಿನಂಶ ಹೆಚ್ಚಿರುವ ಹೊಸ ಗೆಡ್ಡೆ. ಹಿಸುಕಬೇಕಾದ ಕಡೆ ಹಿಟ್ಟಾಗುವ ಹಳೆಯ ಗೆಡ್ಡೆ. ಯಾವುದು ಯಾವುದೆಂದು ಕಣ್ಣಿಗೆ ತಿಳಿಯದಿದ್ದರೆ ಹನ್ನೊಂದು ಬಟ್ಟಲು ನೀರಿಗೆ ಒಂದು ಬಟ್ಟಲು ಉಪ್ಪು ಕದಡಿ ಗೆಡ್ಡೆಯನ್ನು ಹಾಕಿ ನೋಡಬಹುದು. ಹಿಟ್ಟಿನ ಗೆಡ್ಡೆ ಮುಳುಗುತ್ತದೆ, ಇನ್ನೊಂದು ತೇಲುತ್ತದೆ. ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಿದರೆ ಅವರು ಒಲೆಯ ಬಳಿ ಸುಳಿಯುವುದಿಲ್ಲ.

ಎರಡನೆಯ ಅಡಿಗೆಯಾದ ಷೆಫರ್ಡ್ಸ್ ಪೈ ಐರ್ಲೆಂಡಿಗೆ ಮಾತ್ರ ಸೇರಿದುದಲ್ಲ; ಸ್ಕಾಟ್ಲೆಂಡ್, ಇಂಗ್ಲೆಂಡುಗಳಿಗೂ ಅದರಲ್ಲಿ ಹಕ್ಕುಂಟು. ಹಿಂದಿನ ದಿನ ಉಳಿದ ಮಾಂಸವನ್ನು ಕೊಚ್ಚಿ, ಮೇಲೆ ಹಿಸುಕಿದ ಗೆಡ್ಡೆಯನ್ನು ಹೊದಿಸಿ ಒಲೆಗಿಡುವ ಯುಕ್ತಿ ಅದು. ಹೊಸ ಮಾಂಸದಿಂದ ಮಾಡುವುದಾದರೆ ಅರ್ಧ ಕಿಲೋ ಕೈಮಾವನ್ನು ಅದರ ಕೊಬ್ಬಿನಲ್ಲಿಯೇ ಕೆಂಪಗೆ ಹುರಿದು, ಎರಡು ಈರುಳ್ಳಿ, ಒಂದು ಗಜ್ಜರಿ ಸಣ್ಣಗೆ ಹೆಚ್ಚಿ ಸೇರಿಸಿ, ಒಂದು ದೊಡ್ಡ ಚಮಚ ಮೈದಾ ಉದುರಿಸಿ, ಕಾಲು ಲೀಟರು ಮೂಳೆಯ ರಸ ಹಾಕಿ, ಅರ್ಧ ಗಂಟೆ ಬೇಯಿಸಬೇಕು. ಇದಕ್ಕೆ ವೂಸ್ಟರ್ ಸಾಸ್ ಎಂಬ ಕಪ್ಪು ರಸವನ್ನು ಬೆರೆಸುವ ರೂಢಿಯುಂಟು. ಆ ರಸದಲ್ಲಿ ನಮ್ಮ ಹುಣಿಸೆಹಣ್ಣೇ ಕೂಡಿದೆ! ಆದುದರಿಂದ ಒಂದು ಚಮಚ ಹುಣಿಸೆರಸ, ಚಿಟಿಕೆ ಬೆಲ್ಲ ಹಾಕಿದವರನ್ನು ಯಾರೂ ಆಕ್ಷೇಪಿಸಲಾರರು.

ಮುಖ್ಯವಾದ ಎಚ್ಚರಿಕೆ ಮುಂದಿನದು. ಕೈಮಾ ಮಂದವಾಗಿ, ಆರಿದ ಮೇಲೆಯೇ ಗೆಡ್ಡೆಯನ್ನು ಹೊದಿಸಬೇಕು. ಬಿಸಿಯಾಗಿ ನೀರಾಗಿರುವಾಗ ಹೊದಿಸಿದರೆ ಗೆಡ್ಡೆ ಮುಳುಗಿ ಎರಡೂ ಕಲಸಿಹೋಗುತ್ತವೆ. 800 ಗ್ರಾಂ ಗೆಡ್ಡೆಯನ್ನು ಬೇಯಿಸಿ, ನೀರು ಬಸಿದು, ಒಂದು ನಿಮಿಷ ಒಲೆಯ ಮೇಲೆಯೇ ಒಣಗಿಸಿ, 50 ಗ್ರಾಂ ಬೆಣ್ಣೆ, ಅರ್ಧ ಬಟ್ಟಲು ಬಿಸಿ ಹಾಲು ಹಾಕಿ ಗಂಟಿಲ್ಲದಂತೆ ಹಿಸುಕಬೇಕು. ಅಂಚಿನಿಂದ ಆರಂಭಿಸಿ ನಡುವಿಗೆ ಹರಡಿ, ಮುಳ್ಳುಚಮಚದಿಂದ ನೇಗಿಲ ಸಾಲಿನಂತೆ ಗೀರಬೇಕು. ಆ ಸಾಲಿನ ಏಣುಗಳೇ ಕೆಂಪಗಾಗಿ ಗರಿಗರಿಯಾಗುವುದು. ಓವನ್ ಇದ್ದವರಿಗೆ 200 ಡಿಗ್ರಿ ಕಾವಿನಲ್ಲಿ ಅರ್ಧ ಗಂಟೆ. ಇಲ್ಲದವರು ಕಾವು ತಡೆಯುವ ಲೋಹದ ಪಾತ್ರೆಯಲ್ಲಿ ಪೈಯನ್ನು ಕಟ್ಟಿ, ಕೆಳಗೆ ಒಂದು ಕಾವಲಿಯಿಟ್ಟು ಸಣ್ಣ ಉರಿಯಲ್ಲಿ ಬಿಸಿಮಾಡಿ, ಇನ್ನೊಂದು ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ ಪಾತ್ರೆಯ ಬಾಯಿಗೆ ಮುಚ್ಚಬಹುದು. ಎರಡು ಮೂರು ಸಲ ಹೀಗೆ ಮಾಡಿದರೆ ಮೇಲ್ಭಾಗ ಬಣ್ಣಗಟ್ಟುತ್ತದೆ. ಪೂರ್ವದಲ್ಲಿ ಇಂಗ್ಲಿಷರ ಅಡಿಗೆಮನೆಯಲ್ಲಿಯೂ ಕಾಯಿಸಿದ ಕಬ್ಬಿಣದ ಹಲಗೆಯನ್ನು ತಿನಿಸಿನ ಮೇಲೆ ಹಿಡಿಯುವ ಪದ್ಧತಿಯಿತ್ತು.

ಸ್ಟ್ಯೂವನ್ನು ಯಾವುದರೊಡನೆ ಉಣ್ಣಬೇಕು? ಮುದ್ದೆಯೊಡನೆ ಹೊಂದುವುದಿಲ್ಲವೆಂದು ನಮ್ಮ ಅಭಿಪ್ರಾಯ. ಮುದ್ದೆಗೆ ತೆಳ್ಳನೆಯ, ಚುರುಕಾದ ಸಾರೇ ಬೇಕು; ಮಂದವಾದುದರಲ್ಲಿ ಅದು ಜಾರುವುದಿಲ್ಲ. ಅಕ್ಕಿರೊಟ್ಟಿ ಅಥವಾ ಬೇಕರಿಯ ಬ್ರೆಡ್ಡು ಲೇಸು. ನಮ್ಮ ತಾಯಿಯವರು ಮಾತ್ರ ಈ ತೀರ್ಪನ್ನು ಒಪ್ಪಲಿಲ್ಲ. ಮರುವರ್ಷದ ಹೊಸತೊಡಕಿನಂದು ಅವರ ತಟ್ಟೆಗೂ ಕುತ್ತಿಗೆಯ ಮಾಂಸ ಬಿತ್ತು, ಮೆಣಸಿಲ್ಲದೆ, ಬೆರಳಲ್ಲಿ ಒತ್ತಿದರೆ ಮೂಳೆ ಬಿಡುವಷ್ಟು ಮೆತ್ತಗೆ. ಅವರು ರಸಕ್ಕೆ ಅರ್ಧ ಸೌಟು ಬಿಸಿನೀರು ಸುರಿಸಿಕೊಂಡು, ತೆಳ್ಳಗೆ ಮಾಡಿಕೊಂಡು, ಅರ್ಧ ಮುದ್ದೆಯನ್ನು ಅದರಲ್ಲಿ ಅದ್ದಿ ನುಂಗಿದರು. ಕೊನೆಯ ಮೂಳೆಯನ್ನು ಕೈಯಲ್ಲಿ ಹಿಡಿದುಕೊಂಡು, ಮುಂದಿನ ಸಲ ಉಪ್ಪು ಒಂದು ಹರಳು ಹೆಚ್ಚಿರಲಿ ಎಂದರು.