ಮಾತನ್ನು ಬರಹವಾಗಿಸುವ ಗಣಕಯಂತ್ರ

1988ರಲ್ಲಿ ಪುಣೆಯಲ್ಲಿ ಆರಂಭವಾದ ಪ್ರಗತ ಸಂಗಣನ ವಿಕಾಸ ಕೇಂದ್ರವು (ಸಿ-ಡ್ಯಾಕ್) 'ಪರಮ್' ಸೂಪರ್ ಕಂಪ್ಯೂಟರಿನಿಂದ ಪ್ರಸಿದ್ಧವಾಯಿತು. ಹಿಂದಿಯಲ್ಲಿ ಆಡಿದ ಮಾತನ್ನು ದೇವನಾಗರಿ ಲಿಪಿಗೆ ಇಳಿಸುವ 'ಶ್ರುತಲೇಖನ-ರಾಜಭಾಷಾ' ತಂತ್ರಾಂಶವನ್ನೂ ಅದೇ ಕೇಂದ್ರವು ಐ.ಬಿ.ಎಂ. ಸಂಸ್ಥೆಯ ಸಹಯೋಗದಲ್ಲಿ ರೂಪಿಸಿತು. ಇಂತಹ ಸೌಲಭ್ಯವು ಈಗ ಕನ್ನಡದಲ್ಲಿಯೂ ಮನೆಯ ಗಣಕಯಂತ್ರಕ್ಕೆ ದೊರೆಯುತ್ತಿದೆ. ಕಣ್ಣು ಕಾಣದವರು, ಕೈಬೆರಳುಗಳ ಸ್ವಾಧೀನ ತಪ್ಪಿದವರು ಪರರನ್ನು ಅವಲಂಬಿಸದೆ ಅರ್ಜಿ ಬರೆಯಲು ಇದೂ ಒಂದು ದಾರಿಯಾಗಿರುವುದರಿಂದ, ಅದರಲ್ಲಿ ತಪ್ಪುಗಳು ಕಡಿಮೆಯಾಗುವುದು ಅತ್ಯವಶ್ಯಕ.

ಯಂತ್ರವು ಧ್ವನಿಯನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದು ಅಕ್ಷರಗಳನ್ನು ಊಹಿಸುತ್ತದೆ. ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನೂ ಲೆಕ್ಕ ಹಾಕುತ್ತದೆ. ಮೈಕ್ ದೂರವಿದ್ದರೆ ಫ್ಯಾನಿನ ಸದ್ದು ಹಾಗೂ ಗೋಡೆಯ ಪ್ರತಿಧ್ವನಿ ಮಾತಿನೊಡನೆ ಬೆರೆಯುತ್ತವೆ. ತಲೆಗೆ ಧರಿಸುವ ಮೈಕನ್ನು, ಉಸಿರು ನೇರವಾಗಿ ತಾಗದಂತೆ, ಬಾಯಿಯ ಪಕ್ಕದಲ್ಲಿ ಇರಿಸಿಕೊಳ್ಳುವುದು ಉತ್ತಮ. ಹಳೆಯ ತಂತ್ರಾಂಶಗಳಿಗೆ ಪದಗಳನ್ನು ಬಿಡಿಬಿಡಿಯಾಗಿ ನುಡಿಯಬೇಕಿತ್ತು. ಇಂದಿನವುಗಳಿಗೆ ಇಡೀ ವಾಕ್ಯವನ್ನು ಸಹಜ ಗತಿಯಲ್ಲಿ ಹೇಳುವುದೇ ಲೇಸು. ಊರಿನ, ಮನೆತನದ ಹೆಸರುಗಳನ್ನು ಪದಕೋಶಕ್ಕೆ ಸೇರಿಸುವ ಅವಕಾಶವಿದ್ದರೆ ಮೊದಲೇ ಸೇರಿಸಬೇಕು.

ಕನ್ನಡಕ್ಕೆ ತನ್ನದೇ ತೊಡಕುಗಳುಂಟು. 'ಮನೆ' ಎಂಬ ಒಂದೇ ಪದವು ಮನೆಯಿಂದ, ಮನೆಯಲ್ಲಿಯೂ, ಮನೆಯವರಿಗೆ ಎಂದು ಹಲವು ರೂಪ ತಾಳುತ್ತದೆ. ಆಡುಮಾತಿನಲ್ಲಿ ಅನೇಕರ ಬಾಯಲ್ಲಿ ಹಕಾರ ಅಕಾರವಾಗಿ, 'ಹಾಡು' 'ಆಡು' ಆಗುತ್ತದೆ. ಇಂತಹ ದೋಷಗಳನ್ನು ಸುತ್ತಲಿನ ಪದಗಳ ಆಧಾರದಿಂದ ಯಂತ್ರವೇ ಬಹುಮಟ್ಟಿಗೆ ತಿದ್ದಿಕೊಳ್ಳಬಲ್ಲದು. ಅಂಕಿಗಳ ವಿಷಯ ಹಾಗಲ್ಲ. 'ಇಪ್ಪತ್ತು ಸಾವಿರ ರೂಪಾಯಿ', 'ಎಪ್ಪತ್ತು ಸಾವಿರ ರೂಪಾಯಿ' ಎರಡೂ ಸರಿಯಾದ ವಾಕ್ಯಗಳೇ. ವ್ಯತ್ಯಾಸವಿರುವುದು ಮೊದಲ ಸ್ವರದಲ್ಲಿ ಮಾತ್ರ. ಆದುದರಿಂದ ಮೊತ್ತ, ದಿನಾಂಕ, ಖಾತೆಯ ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಉಚ್ಚರಿಸಿ, ಅರ್ಜಿ ಕಳುಹಿಸುವ ಮುನ್ನ ಗಣಕಯಂತ್ರದಿಂದಲೇ ಗಟ್ಟಿಯಾಗಿ ಓದಿಸಿ ಕೇಳತಕ್ಕದ್ದು.