ನಾಲ್ಕು ಚುಕ್ಕಿ, ಎರಡು ಸ್ವಿಚ್

ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಮೊದಲ ಮಾದರಿಯನ್ನು ಬಿಚ್ಚಿ, ಒಳಗಿನ ತಗಡಿನ ಹೊದಿಕೆ ತೆಗೆದರೆ ಬೋರ್ಡಿನ ಮೇಲೆ ಜೆಪಿ 1, ಜೆಪಿ 2, ಜೆಪಿ 3, ಜೆಪಿ 4 ಎಂದು ಬರೆದ ನಾಲ್ಕು ಪುಟ್ಟ ಜಾಗಗಳು ಕಾಣುತ್ತವೆ. ಎರಡು ಕಡೆ ಬೆಸುಗೆ ಕೂಡಿಸಿರುತ್ತಾರೆ, ಇನ್ನೆರಡು ಕಡೆ ಖಾಲಿ ಬಿಟ್ಟಿರುತ್ತಾರೆ. ಟೋಕಿಯೋದಲ್ಲಿ ಮಾರಿದ ಪೆಟ್ಟಿಗೆಯೋ, ನ್ಯೂಯಾರ್ಕಿನದೋ, ಲಂಡನ್ನಿನದೋ ಎಂದು ಆಟದ ಕ್ಯಾಸೆಟ್ಟಿಗೆ ಗೊತ್ತಾಗುವುದು ಈ ನಾಲ್ಕು ಚುಕ್ಕಿಗಳಿಂದ. ಕೋಟಿಗಟ್ಟಲೆ ಪೆಟ್ಟಿಗೆ ಮಾಡಿದ ಕಂಪನಿ ದೇಶಕ್ಕೊಂದು ಬೋರ್ಡ್ ರೂಪಿಸಲು ಹೋಗಲಿಲ್ಲ. ಒಂದೇ ಬೋರ್ಡ್ ಮಾಡಿ, ದೇಶ ಯಾವುದೆಂಬ ತೀರ್ಮಾನವನ್ನು ಒಂದು ಹನಿ ಸೀಸಕ್ಕೆ ಬಿಟ್ಟಿತು. ಈ ಲೇಖನ ಬರೆಯಬೇಕು ಅನ್ನಿಸಿದ್ದೇ ಆ ಹನಿಯಿಂದ.

ಆ ಬೆಸುಗೆಯನ್ನು ಬಿಡಿಸಿ, ಅಲ್ಲಿಂದ ತಂತಿ ಎಳೆದು, ಪೆಟ್ಟಿಗೆಯ ಬೆನ್ನಿಗೆ ಎರಡು ಪುಟ್ಟ ಸ್ವಿಚ್ ಕೂರಿಸುವ ಕೆಲಸಕ್ಕೆ ರೀಜನ್ ಸ್ವಿಚ್ ಎನ್ನುತ್ತಾರೆ. ಒಂದು ಸ್ವಿಚ್ ಭಾಷೆಯದು, ಇನ್ನೊಂದು ವೇಗದ್ದು.

ವೇಗದ ಸ್ವಿಚ್ಚಿನ ಕಥೆ ನಮ್ಮದೂ ಹೌದು. ಟಿವಿಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಮೂಡಬೇಕೆಂಬ ಲೆಕ್ಕ ಮೊದಲಿಗೆ ಆಯಾ ದೇಶದ ಕರೆಂಟಿನ ಹರ್ಟ್ಸ್ ನೋಡಿ ಹುಟ್ಟಿದ್ದು. ಅಮೆರಿಕದಲ್ಲಿ 60, ಯುರೋಪಿನಲ್ಲಿ 50. ಜಪಾನ್ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿ ಹಿಡಿಯಿತು. ನಮ್ಮ ಕರೆಂಟು 50 ಹರ್ಟ್ಸ್. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ಒಪ್ಪಿಕೊಂಡದ್ದು 50ರ ಪಾಲ್ ಪದ್ಧತಿ. ಆಗಿನ ಆಟಗಳಲ್ಲಿ ಓಟ, ನೆಗೆತ, ಸಂಗೀತ ಎಲ್ಲ ಚಿತ್ರದ ಲೆಕ್ಕದಲ್ಲೇ ನಡೆಯುತ್ತಿದ್ದವು. 60ಕ್ಕೆಂದು ಬರೆದ ಆಟವನ್ನು 50ರಲ್ಲಿ ಓಡಿಸಿದರೆ, ಜಪಾನಿನ ಹುಡುಗ ಒಂದು ನಿಮಿಷದಲ್ಲಿ ಮುಗಿಸುವ ಓಟ ಇಲ್ಲಿ 72 ಸೆಕೆಂಡು ಹಿಡಿಯುತ್ತದೆ. ಪಾಲ್ ಚಿತ್ರದಲ್ಲಿ ಗೆರೆಗಳು ಹೆಚ್ಚು, 525ರ ಬದಲು 625. ಆಟ ಅಷ್ಟನ್ನು ತುಂಬುವುದಿಲ್ಲ. ಹಾಗಾಗಿ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದು ಆಕೃತಿಗಳು ಕುಳ್ಳಗಾಗುತ್ತವೆ. 1991ರ ಸೋನಿಕ್ ಆಟ ಹೆಸರು ಮಾಡಿದ್ದೇ ಅದರ ವೇಗಕ್ಕೆ. ಅದನ್ನೇ ನಿಧಾನ ಮಾಡಿ ಯುರೋಪಿನ ಮಕ್ಕಳ ಕೈಗೆ ಕೊಟ್ಟಿದ್ದರು.

ನವಲಗುಂದ ತಾಲ್ಲೂಕಿನ ಯಮನೂರಿನಂಥ ಊರಿಗೆ ಮೆಗಾ ಡ್ರೈವ್ ಬಂದದ್ದು ಕಡಿಮೆ. 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಅದನ್ನು ಭಾರತಕ್ಕೆ ತಂದಾಗ ಬೆಲೆ 18,000 ರೂಪಾಯಿ. ಬೆಣ್ಣಿಹಳ್ಳದ ಎರೆ ಹೊಲದಲ್ಲಿ ಹತ್ತಿ, ಕಡಲೆ ಬೆಳೆಯುವ ಮನೆಗೆ ಅದು ಆಟಿಕೆಯ ಬೆಲೆಯಲ್ಲ. ನಮ್ಮ ಕಡೆಯ ಮಕ್ಕಳ ಕೈಗೆ ಸಿಕ್ಕಿದ್ದು ನಿಂಟೆಂಡೋದ ಫ್ಯಾಮಿಕಾಮ್ ಪೆಟ್ಟಿಗೆಯ ನಕಲುಗಳು. ಅವುಗಳಿಗೆ ಹಳದಿ ಕ್ಯಾಸೆಟ್ಟು, ಒಂದೇ ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳ ಸುಳ್ಳು ಲೆಕ್ಕ. ಒಬ್ಬನೇ ಸಂತನನ್ನು ಹಿಂದೂಗಳು ಚಾಂಗದೇವ ಎಂದೂ ಮುಸ್ಲಿಮರು ರಾಜಾಬಾಗಸವಾರ ಎಂದೂ ಕರೆದು, ಹೋಳಿ ಹುಣ್ಣಿಮೆಯ ನಂತರ ಕೂಡಿ ನಡೆಸುವ ಯಮನೂರ ಜಾತ್ರೆ, ಹುಬ್ಬಳ್ಳಿಯ ದುರ್ಗದಬೈಲ್ ಪೇಟೆ, ಇವೇ ನಮಗೆ ಆಟಿಕೆಯ ಲೋಕ. ಆ ನಕಲು ಪೆಟ್ಟಿಗೆಗಳನ್ನು ನಮ್ಮ ಪಾಲ್ ಟಿವಿಗೆ ಹೊಂದಿಸಿದ್ದರು, ಒಳಗಿನ ಆಟ ಮಾತ್ರ 60ರದ್ದೇ. ಆದ್ದರಿಂದ ನಾವು ಆಡಿದ ಮಾರಿಯೋ ಅವನನ್ನು ಮಾಡಿದವರು ಎಣಿಸಿದ್ದಕ್ಕಿಂತ ನಿಧಾನ ಓಡುತ್ತಿದ್ದ, ಅವನ ಹಾಡೂ ಎಳೆದು ಕೇಳುತ್ತಿತ್ತು. ನಮಗದು ನಿಧಾನ ಅನ್ನಿಸಲೇ ಇಲ್ಲ, ಬೇರೆ ಮಾರಿಯೋನನ್ನು ನಾವು ಕಂಡಿರಲಿಲ್ಲ.

ಆ ನಕಲುಗಳಿಗೆ ಈ ಸ್ವಿಚ್ ಕೂರದು. ಅವುಗಳಲ್ಲಿ ವೇಗ ನಿಂತಿರುವುದು ಚಿಪ್ ಮತ್ತು ಕ್ರಿಸ್ಟಲ್ ಮೇಲೆ, ಚುಕ್ಕಿಯ ಮೇಲಲ್ಲ. ಮೆಗಾ ಡ್ರೈವ್ ಈ ಕಸುಬಿನ ಅಚ್ಚುಮೆಚ್ಚಿನ ಪೆಟ್ಟಿಗೆಯಾಗಿರುವುದು ಅದಕ್ಕೇ.

ಕೆಲಸ ಹೀಗೆ. ಮೊದಲು ಜಂಪರ್ ಎಂದು ಕರೆಯುವ ಆ ಚುಕ್ಕಿಗಳ ಹಳೆಯ ಬೆಸುಗೆಯನ್ನು ಬತ್ತಿ ಇಟ್ಟು ಹೀರಿ ತೆಗೆಯಬೇಕು. ಜೆಪಿ 1, ಜೆಪಿ 2 ಭಾಷೆಯ ಜೋಡಿ. ಜೆಪಿ 3, ಜೆಪಿ 4 ವೇಗದ ಜೋಡಿ. ಪ್ರತಿ ಜೋಡಿಯಲ್ಲೂ ಒಂದು ಕೊನೆ ಚಿಪ್ಪಿಗೆ ಹೋಗುತ್ತದೆ, ಇನ್ನೊಂದು ಐದು ವೋಲ್ಟಿಗೆ, ಮತ್ತೊಂದು ಗ್ರೌಂಡಿಗೆ. ಮೂರು ಕಾಲಿನ ಸ್ವಿಚ್ಚಿನ ನಡುಗಾಲಿಗೆ ಚಿಪ್ಪಿನ ತಂತಿ, ಅಕ್ಕಪಕ್ಕದ ಕಾಲುಗಳಿಗೆ ಉಳಿದೆರಡು. ಹಳೆಯ ಬೆಸುಗೆ ತೆಗೆಯದೆ ಖಾಲಿ ಜಾಗವನ್ನೂ ಕೂಡಿಸಿಬಿಟ್ಟರೆ ಐದು ವೋಲ್ಟ್ ನೇರ ಗ್ರೌಂಡಿಗೆ ಇಳಿಯುತ್ತದೆ. ತಂತಿ ಜೋಡಿಸಿದ ಮೇಲೆ, ಕರೆಂಟು ಕೊಡುವ ಮುನ್ನ, ಮಲ್ಟಿಮೀಟರ್ ಹಿಡಿದು ಶಾರ್ಟ್ ಇಲ್ಲವೆಂದು ನೋಡದವನ ಕೈಗೆ ನಿಮ್ಮ ಪೆಟ್ಟಿಗೆ ಕೊಡಬೇಡಿ.

ಸ್ವಿಚ್ ಕೂರಿಸಲು ಮೂವತ್ತು ವರ್ಷದ ಪ್ಲಾಸ್ಟಿಕ್ಕಿಗೆ ತೂತು ಕೊರೆಯಬೇಕು. ಮನಸ್ಸು ಬಾರದವರು ಪಿಐಸಿ ಎಂಬ ಮೈಕ್ರೋಕಂಟ್ರೋಲರ್ ಒಳಗಿಡುತ್ತಾರೆ. ಆಗ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ ದೇಶ ಬದಲಾಗುತ್ತದೆ, ಯಾವ ದೇಶವೆಂದು ಎಲ್‌ಇಡಿಯ ಬಣ್ಣ ಹೇಳುತ್ತದೆ. ಇದೇ ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ.

ಭಾಷೆಯ ಸ್ವಿಚ್ಚಿನ ಮೋಜು ಬೇರೆ. ಸ್ಟ್ರೀಟ್ಸ್ ಆಫ್ ರೇಜ್ ಕ್ಯಾಸೆಟ್ ಹಾಕಿ ಜಪಾನಿನ ಕಡೆ ತಿರುಗಿಸಿ ಶುರುಮಾಡಿದರೆ ಪರದೆಯ ಮೇಲೆ ಬೇರ್ ನಕಲ್ ಎಂಬ ಜಪಾನಿ ಹೆಸರು ಬರುತ್ತದೆ. ಎರಡೂ ಹೆಸರು ಅದರೊಳಗೆ ಮೊದಲಿನಿಂದ ಇದ್ದವು. ಕೊನೆಕೊನೆಯ ಕೆಲವು ಆಟಗಳು ದೇಶ ನೋಡಿ, ತಮ್ಮದಲ್ಲದಿದ್ದರೆ ನಿಂತುಬಿಡುತ್ತವೆ. ಅವುಗಳನ್ನು ಅವುಗಳ ದೇಶದಲ್ಲಿ ಶುರುಮಾಡಿ, ತಪಾಸಣೆ ದಾಟಿದ ಮೇಲೆ ವೇಗದ ಸ್ವಿಚ್ಚನ್ನು 60ಕ್ಕೆ ಸರಿಸುವುದು ಬಲ್ಲವರ ಉಪಾಯ. ಇದನ್ನು ಕಳ್ಳ ಸಿ.ಡಿ. ಓಡಿಸಲು ಪ್ಲೇಸ್ಟೇಷನ್ನಿಗೆ ಚಿಪ್ ಹಾಕಿಸುವುದರ ಜೊತೆ ಸೇರಿಸಬಾರದು. ಕಾಸು ಕೊಟ್ಟು ಕೊಂಡ ಕ್ಯಾಸೆಟ್ಟು ನಮ್ಮ ಮನೆಯಲ್ಲಿ ಸರಿಯಾಗಿ ಓಡಲಿ ಎಂಬುದಷ್ಟೇ ಇಲ್ಲಿನ ಆಸೆ.

60 ಹರ್ಟ್ಸ್ ಕೊಟ್ಟಾಗ ಹಳೆಯ ಟಿವಿಯಲ್ಲಿ ಪಿಕ್ಚರ್ ಉರುಳಬಹುದು. ವಿ-ಹೋಲ್ಡ್ ಎಂಬ ಗುಂಡಿ ತಿರುಗಿಸಿ ಅದನ್ನು ನಿಲ್ಲಿಸುವುದು ನಮ್ಮ ಊರುಗಳ ಟಿವಿ ಮೆಕ್ಯಾನಿಕ್‌ಗಳಿಗೆ ನೀರು ಕುಡಿದಷ್ಟು ಸುಲಭ. ಅಮೆರಿಕದಿಂದ ನೆಂಟರು ತಂದ ಪೆಟ್ಟಿಗೆಯ 120 ವೋಲ್ಟಿನ ಅಡಾಪ್ಟರನ್ನು ನಮ್ಮ 230ಕ್ಕೆ ಚುಚ್ಚಬಾರದೆಂದು ಎಚ್ಚರಿಸುತ್ತಿದ್ದವರೂ ಅವರೇ. ಟಿವಿಗಳು ತೆಳ್ಳಗಾದವು, ಕೆಟ್ಟರೆ ಇಡೀ ಬೋರ್ಡ್ ಬದಲಿಸುವ ಕಾಲ ಬಂತು, ಹುಬ್ಬಳ್ಳಿ ರಸ್ತೆಯ ಎಷ್ಟೋ ರಿಪೇರಿ ಅಂಗಡಿಗಳಲ್ಲಿ ಈಗ ಮೊಬೈಲ್ ಕವರ್ ತೂಗುತ್ತಿವೆ. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದು ಸಂತೋಷ. ಬೆಸುಗೆಯ ಕೈಗೆ ಅಂಥ ಗುರುತಿಲ್ಲ, ಆದರೆ ಅದೂ ನೋಡಿ ನೋಡಿ ಕಲಿತ ಕೈಯೇ.

ನಮ್ಮ ಐಟಿಐಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಓದುವ ಹುಡುಗ ಹುಡುಗಿಯರಿಗೆ ಹಳೆಯ ಗೇಮ್ ಬೋರ್ಡಿಗಿಂತ ಒಳ್ಳೆಯ ಪಾಠ ಕಡಿಮೆ. ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ತಪ್ಪಿದರೂ ನಷ್ಟ ಸಣ್ಣದು. ಅಣ್ಣಿಗೇರಿಯಲ್ಲೋ ಕುಂದಗೋಳದಲ್ಲೋ ಯಮನೂರಿನಲ್ಲೋ ನಿಮ್ಮ ಅಟ್ಟದ ಮೇಲೆ ಅಂಥದೊಂದು ಪೆಟ್ಟಿಗೆ ಇದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಊರಿನ ಹಳೆಯ ಟಿವಿ ಮೆಕ್ಯಾನಿಕ್ ಬಳಿ ಒಯ್ಯಿರಿ, ಕೇಳಿದಷ್ಟು ಕೂಲಿ ಕೊಡಿರಿ, ಕೆಲಸ ಕಲಿಯುವ ಆಸೆಯಿರುವ ಮಗುವೊಂದನ್ನು ಜೊತೆಗೆ ಕರೆದುಕೊಂಡು ಹೋಗಿರಿ.